ಬಲೆಗುಂಡಿಗೆ ಪೌಡರ್ ಸಮ ಕೂರದಿದ್ದರೆ: ಗನ್ನು ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

ಮುನಿರಾಬಾದಿನ ಮೀನುಗಾರರೊಬ್ಬರು ಬಲೆ ನೀರಲ್ಲಿ ಮುಳುಗಲಿ ಅಂತ ಅದರ ಅಂಚಿಗೆ ಪೋಣಿಸುವ ಮೂರು ಕಿಲೋ ಸೀಸದ ಗುಂಡುಗಳನ್ನು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಸುರಿದು, “ಅಕ್ಕಾರ, ಇದೇನ್ರೀ ಹಿಂಗಾಗೇದ? ಒಂದ್ ಕಡೆ ದಪ್ಪ, ಒಂದ್ ಕಡೆ ಬೋಳು” ಅಂದರು. ಆ ಗುಂಡುಗಳಿಗೆ ಪೌಡರ್ ಕೋಟಿಂಗ್ ಮಾಡಿಕೊಟ್ಟಿದ್ದವಳು ನಾನೇ. ಅಂದರೆ ಒಣ ಬಣ್ಣದ ಪುಡಿಗೆ ಗನ್ನಿನಲ್ಲಿ ವಿದ್ಯುತ್ತು ಹಿಡಿಸಿ ಲೋಹದ ಮೇಲೆ ಹೊಡೆದು, ಒಲೆಯಲ್ಲಿ ಬೇಯಿಸಿ ಗಟ್ಟಿ ಪದರ ಮಾಡುವ ಕೆಲಸ. 2024ರ ಆಗಸ್ಟ್ ತಿಂಗಳು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋದ ವಾರ. ಹೊಳೆಗೆ ಇಳಿಯುವ ಹಾಗಿರಲಿಲ್ಲ. ಹರಿಗೋಲು ದಡಕ್ಕೆ ಎಳೆದಿಟ್ಟು ಬಲೆ ರಿಪೇರಿಗೆ ಕೂತಿದ್ದರು. ಹಳೆ ಗುಂಡು ಬಿಚ್ಚಿ ಹೊಸ ಗುಂಡು ಪೋಣಿಸುವ ಕೆಲಸ ಅಂಥ ದಿನಗಳಲ್ಲೇ ಆಗಬೇಕು. ನಾನು ಕೊಟ್ಟ ಮಾಲು ಕೆಟ್ಟಿದ್ದರಿಂದ ಅವರ ಆ ವಾರವೂ ಹಾಳಾಯಿತು. ಅದು ನನಗೆ ಇವತ್ತಿಗೂ ಮನಸ್ಸಿನಲ್ಲಿದೆ.

ಒಂದು ಗುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಅಡಿಕೆಯಷ್ಟು ಗಾತ್ರ, ಪೀಪಾಯಿ ಆಕಾರ, ನಡುವೆ ಹಗ್ಗ ಹೋಗುವ ತೂತು. ಒಂದು ಮಗ್ಗುಲಲ್ಲಿ ನೀಲಿ ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುಬ್ಬಾಗಿ ಕೂತಿತ್ತು, ಅಂಚಿನಲ್ಲಿ ಇಳಿದು ತುಟಿ ಕಟ್ಟಿತ್ತು. ಇನ್ನೊಂದು ಮಗ್ಗುಲಲ್ಲಿ ಬೂದು ಸೀಸ ಹಾಗೇ ಕಾಣುತ್ತಿತ್ತು. ತೂತಿನ ಸುತ್ತ ಬಳೆಯ ಹಾಗೆ ಒಂದು ಸುತ್ತು ಪೌಡರೇ ಇಲ್ಲ. ಈ ಮೂರೂ ಒಂದೇ ಕಾಯಿಲೆ ಅಂತ ಆವಾಗ ಅಂದುಕೊಂಡೆ. ಮೂರೂ ಒಂದೇ ಕಾಯಿಲೆ ಅಲ್ಲ ಅಂತ ತಿಳಿಯಲು ಎಂಟು ದಿನ ಬೇಕಾಯಿತು.

ಗಂಗಾವತಿಯಲ್ಲಿ ನನ್ನ ಪೌಡರ್ ಕೋಟಿಂಗ್ ಅಂಗಡಿ ಹದಿನಾಲ್ಕು ವರ್ಷದಿಂದ ಇದೆ. ಹೆಚ್ಚಾಗಿ ಗೇಟು, ಗ್ರಿಲ್ಲು, ರೈಸ್ ಮಿಲ್ಲಿನ ಬೆಲ್ಟ್ ಗಾರ್ಡು, ಎಲಿವೇಟರ್ ಬಕೆಟ್ಟು ಬರುತ್ತವೆ. ಬಲೆಗುಂಡು ಬರುವುದು ಕಡಿಮೆ. ಬರಿ ಸೀಸ ಹಿಡಿದರೆ ಕೈ ಕಪ್ಪಾಗುತ್ತದೆ, ಬಲೆಯ ನೂಲಿಗೂ ಮಸಿ ಹತ್ತುತ್ತದೆ, ಮನೆಯಲ್ಲಿ ಮಕ್ಕಳು ಆಡುತ್ತ ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ. ಅದಕ್ಕೇ ಬಣ್ಣ ಕೇಳುತ್ತಾರೆ. ಕೋಟಿಂಗ್ ಆದ ಮಾತ್ರಕ್ಕೆ ಸೀಸದ ವಿಷ ಹೋಗುವುದಿಲ್ಲ, ಕಲ್ಲಿಗೆ ಬಡಿದರೆ ಪದರ ಕಿತ್ತು ಸೀಸ ಹೊರಗೆ ಬರುತ್ತದೆ ಅಂತ ನಾನು ಪ್ರತಿಯೊಬ್ಬರಿಗೂ ಹೇಳಿಯೇ ಮಾಲು ತೆಗೆದುಕೊಳ್ಳುತ್ತೇನೆ.

ಮೊದಲು ಮಾಡಿದ ತಪ್ಪು

ಪೌಡರ್ ಸರಿಯಾಗಿ ಕೂರದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಕೆವಿ ನಾಬಿಗೆ, ಅಂದರೆ ಗನ್ನಿನ ವೋಲ್ಟೇಜನ್ನು (ಕಿಲೋವೋಲ್ಟ್ ಲೆಕ್ಕದಲ್ಲಿ) ಏರಿಸಿ ಇಳಿಸುವ ಗುಬ್ಬಿಗೆ. ನನ್ನದೂ ಹೋಯಿತು. 70ರಲ್ಲಿದ್ದದ್ದನ್ನು 90 ಕೆವಿಗೆ ಏರಿಸಿದೆ. ಗ್ರಿಲ್ಲಿನ ಸಪಾಟು ಪಟ್ಟಿಯ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿ ಕೂತ ಹಾಗೆ ಕಂಡಿತು, ಆಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕುಳಿ ಬಿದ್ದವು. ಇದಕ್ಕೆ ಕಾರಣವಿದೆ. ಪೌಡರಿನ ಕಣಗಳು ವಿದ್ಯುತ್ತು ಹೊತ್ತುಕೊಂಡೇ ಬಂದು ಕೂರುತ್ತವೆ. ಪದರ ದಪ್ಪವಾದಷ್ಟೂ ಆ ವಿದ್ಯುತ್ತು ಅಲ್ಲೇ ಸೇರಿಕೊಂಡು ಹೊಸ ಕಣವನ್ನು ತಳ್ಳತೊಡಗುತ್ತದೆ. ಮಿತಿ ಮೀರಿದರೆ ಪದರದೊಳಗೇ ಕಿಡಿ ಒಡೆದು ಕುಳಿ ಬೀಳುತ್ತದೆ. ಇದಕ್ಕೆ ಬ್ಯಾಕ್ ಅಯೊನೈಸೇಷನ್ ಅನ್ನುತ್ತಾರೆ. ಕೆವಿ ಏರಿಸಿದರೆ ಇದು ಜಾಸ್ತಿಯಾಗುತ್ತದೆ. ಅರ್ತಿಂಗ್ ಕೆಟ್ಟಿದ್ದರಂತೂ ಬಲು ಬೇಗ ಶುರುವಾಗುತ್ತದೆ.

ಗನ್ನಿನೊಳಗೆ ವೋಲ್ಟೇಜ್ ಏರಿಸುವ ಕ್ಯಾಸ್ಕೇಡ್ ಅನ್ನುವ ಭಾಗವೇ ಹೋಗಿದೆ ಅಂದುಕೊಂಡು ಅದನ್ನು ಬಿಚ್ಚಿ ಸರ್ವಿಸಿಗೆ ಕಳಿಸಿದೆ. ಎಂಟು ದಿನ ಅಂಗಡಿ ನಿಂತಿತು. ಆರೂವರೆ ಸಾವಿರ ರೂಪಾಯಿ ಬಿಲ್ಲು ಬಂತು, ಗನ್ನು ಬಂತು, ದೋಷ ಹಾಗೇ ಇತ್ತು. ಆ ಸಂಜೆ ನಮ್ಮ ಹುಡುಗ ಪೌಡರ್ ಹೊಡೆಯುವ ಬೂತಿನ ಹಿಂದೆ ಕಸ ಹೊಡೆಯುವಾಗ ಅರ್ತ್ ತಂತಿ ಅವನ ಪೊರಕೆಗೆ ಸಿಕ್ಕಿ ಕೈಗೇ ಬಂತು. ಕ್ಲಾಂಪಿನೊಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ತೊಗಲು ಮಾತ್ರ ಅದನ್ನು ಹಿಡಿದು ನಿಲ್ಲಿಸಿತ್ತು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟು ಒಣಗುತ್ತದೆ ಅಂತ ಅರ್ತ್ ಗುಂಡಿಗೆ ಕೊಡ ಕೊಡ ನೀರು ಹಾಕುತ್ತಿದ್ದೆ. ಗುಂಡಿ ಸರಿಯಾಗೇ ಇತ್ತು, ಆ ಗುಂಡಿಗೂ ಮಾಲು ನೇತುಹಾಕುವ ಕೊಂಡಿಗೂ ನಡುವಿನ ದಾರಿ ತುಂಡಾಗಿತ್ತು.

ಅಲ್ಲಿಂದ ನಾನು ಇಟ್ಟುಕೊಂಡ ಪದ್ಧತಿ ಹೀಗೆ: ಕೊಂಡಿಯಿಂದ ಹಿಂದಕ್ಕೆ ನೋಡುತ್ತ ಬರುವುದು. ಕೊಂಡಿ, ಅರ್ತು, ಗಾಳಿ, ಪೌಡರ್, ಪಂಪು, ಪೈಪು, ಗನ್ನಿನ ತುದಿಯ ನಾಝಲ್. ಗನ್ನಿನ ಕರೆಂಟಿನ ಭಾಗ ಕಡೆಯದು.

ಕೊಂಡಿ ಮತ್ತು ಅರ್ತ್

ಪ್ರತಿ ಸಲ ಒಲೆಗೆ ಹೋದಾಗ ಕೊಂಡಿಯ ಮೇಲೂ ಒಂದು ಪದರ ಕೂರುತ್ತದೆ. ನಾಲ್ಕೈದು ಸಲಕ್ಕೆ ಅದು ಲೋಹವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಪೌಡರ್ ಕೋಟಿಂಗ್ ಅಂದರೆ ಒಳ್ಳೆಯ ಇನ್ಸುಲೇಷನ್. ಮಾಲು ಗಾಳಿಯಲ್ಲಿ ತೂಗಿದ ಹಾಗೆಯೇ ಆಗುತ್ತದೆ, ಅದಕ್ಕೆ ಅರ್ತ್ ಇಲ್ಲ. ಗುಂಡು ತಾಗುವ ಜಾಗದಲ್ಲಿ ಕೊಂಡಿಯನ್ನು ಫೈಲಿನಿಂದ ಉಜ್ಜಿ ಬಿಳಿ ಲೋಹ ಕಾಣಿಸಬೇಕು. ನಾನು ಈಗ ಕೊಂಡಿಯ ತುದಿಯನ್ನು ಚೂಪು ಮಾಡಿಸಿದ್ದೇನೆ. ದುಂಡು ತುದಿಗಿಂತ ಚೂಪು ತುದಿ ಸೀಸಕ್ಕೆ ಚುಚ್ಚಿ ಸಂಪರ್ಕ ಕೊಡುತ್ತದೆ.

ನೇತುಹಾಕಿದ ಗುಂಡಿನಿಂದ ಅರ್ತಿನವರೆಗೆ ವಿದ್ಯುತ್ತಿಗೆ ಇರುವ ತಡೆ ಒಂದು ಮೆಗಾಓಮ್‌ಗಿಂತ ಕಡಿಮೆ ಇರಬೇಕು ಅನ್ನುತ್ತದೆ ನಿಯಮ. ಅದನ್ನು 500 ವೋಲ್ಟಿನ ಮೆಗ್ಗರ್ (ದೊಡ್ಡ ತಡೆ ಅಳೆಯುವ ಮೀಟರು) ಹಾಕಿ ನೋಡುವುದು ಸರಿಯಾದ ಕ್ರಮ. ಮೆಗ್ಗರ್ ಇಲ್ಲದವರು ಸಾದಾ ಮಲ್ಟಿಮೀಟರ್ ಒಂದು ಮೊನೆಯನ್ನು ನೇತುಹಾಕಿದ ಸೀಸದ ಗುಂಡಿಗೆ, ಇನ್ನೊಂದನ್ನು ಅರ್ತ್ ಬೋಲ್ಟಿಗೆ ಹಿಡಿದು ನೋಡಿ. ಶುದ್ಧ ಕೊಂಡಿ ಇದ್ದರೆ ಕೆಲವೇ ಓಮ್ ತೋರಿಸಬೇಕು. ಅಳೆಯುವಾಗ ಮೊನೆಯನ್ನು ಕೊಂಡಿಗೆ ಹಿಡಿಯಬೇಡಿ, ಗುಂಡಿಗೇ ಹಿಡಿಯಿರಿ. ದೋಷ ಇರುವುದು ಆ ಎರಡರ ನಡುವೆ. ಅಳೆಯುವ ಮುಂಚೆ ಗನ್ನು ಆಫ್ ಆಗಿರಬೇಕು.

ನನ್ನ ಗುಂಡುಗಳ ಬೋಳು ಮಗ್ಗುಲಿಗೆ ಕಾರಣ ಈ ಅರ್ತು. ಅರ್ತ್ ಗಟ್ಟಿಯಿದ್ದರೆ ಪೌಡರ್ ಸುತ್ತಿಕೊಂಡು ಹಿಂದಿನ ಮಗ್ಗುಲಿಗೂ ಹೋಗುತ್ತದೆ. ಇಲ್ಲದಿದ್ದರೆ ಮುಂದೆ ಹೊಡೆದದ್ದು ಮುಂದೆಯೇ ಗುಪ್ಪೆಯಾಗುತ್ತದೆ.

ಗಾಳಿ ಮತ್ತು ಪೌಡರ್

ಗಂಗಾವತಿಯಲ್ಲಿ ಎರಡು ಶತ್ರುಗಳಿವೆ. ಏಪ್ರಿಲ್, ಮೇ ತಿಂಗಳ ಬಿಸಿಲು, ಮಳೆಗಾಲದ ತೇವ. ಡಬ್ಬಿಯ ಮೇಲೆ 25 ಅಥವಾ 30 ಡಿಗ್ರಿ ಮೀರದಂತೆ ಇಡಿ ಅಂತ ಬರೆದಿರುತ್ತದೆ, ನಮ್ಮಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಇಟ್ಟ ಪೌಡರ್ ಗಂಟು ಕಟ್ಟುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹಿಟ್ಟಿನ ಹಾಗೆ ಉದುರಬೇಕು. ಉಂಡೆಯಾಗಿ ನಿಂತರೆ ಜರಡಿ ಹಿಡಿಯದೆ ಹಾಕಬೇಡಿ. ಜರಡಿ ಹಿಡಿದ ಮೇಲೂ ಕಲ್ಲಿನಂಥ ಕಾಳು ಉಳಿದರೆ ಆ ಪೌಡರ್ ಆಗಲೇ ಅರೆಬೆಂದು ಹೋಗಿದೆ, ಅದನ್ನು ಬಿಟ್ಟುಬಿಡಿ. ನಾನು ಡಬ್ಬಿಗಳನ್ನು ಈಗ ಮನೆಯ ಒಳಕೋಣೆಯಲ್ಲಿ ಇಡುತ್ತೇನೆ, ಅಂಗಡಿಗೆ ಆ ದಿನಕ್ಕೆ ಬೇಕಾದಷ್ಟೇ ತರುತ್ತೇನೆ.

ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿಯನ್ನು ದಿನಾ ಬೆಳಿಗ್ಗೆ ತೆರೆದು ನೀರು ಬಿಡಬೇಕು. ಮಳೆಗಾಲದಲ್ಲಿ ಮಧ್ಯಾಹ್ನವೂ ಬಿಡಬೇಕು. ಡ್ರೈಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಡೇಪಕ್ಷ ಫಿಲ್ಟರ್ ರೆಗ್ಯುಲೇಟರ್ ಮತ್ತು ಸಿಲಿಕಾ ಜೆಲ್ ಕೊಳವೆ ಇರಲಿ. ಪರೀಕ್ಷೆ ಸುಲಭ: ಗನ್ನಿಗೆ ಹೋಗುವ ಗಾಳಿ ಪೈಪನ್ನು ಬಿಚ್ಚಿ ಬಿಳಿ ಬ್ಲಾಟಿಂಗ್ ಕಾಗದಕ್ಕೆ ಅರ್ಧ ನಿಮಿಷ ಊದಿಸಿ. ಒದ್ದೆ ಚುಕ್ಕೆ ಬಿದ್ದರೆ ನೀರು, ಒಣಗದೆ ಹಳದಿಯಾಗಿ ಉಳಿದರೆ ಎಣ್ಣೆ. ಎಣ್ಣೆ ಇದ್ದರೆ ಬೆಂದ ಪದರದಲ್ಲಿ ಮೀನಿನ ಕಣ್ಣಿನಂಥ ದುಂಡು ಗುಳಿ ಬೀಳುತ್ತವೆ. ಅದನ್ನು ನೋಡಿ ಗನ್ನು ಬಿಚ್ಚಬೇಡಿ, ಕಂಪ್ರೆಸರ್ ಪಿಸ್ಟನ್ ರಿಂಗು ನೋಡಿ.

ಪೌಡರ್ ತುಂಬುವ ಪಾತ್ರೆ, ಅಂದರೆ ಹಾಪರಿನಲ್ಲಿ ಪೌಡರ್ ಹೇಗೆ ಕುದಿಯುತ್ತದೆ ನೋಡುವುದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ತಳದ ಸಣ್ಣ ರಂಧ್ರದ ತಟ್ಟೆಯಿಂದ ಗಾಳಿ ಏರಿ ಪೌಡರ್ ನಿಧಾನ ಉರಿಯ ಗಂಜಿಯ ಹಾಗೆ ಎಲ್ಲ ಕಡೆ ಸಮನಾಗಿ ಅಲುಗಾಡಬೇಕು. ಒಂದೇ ಕಡೆ ಬುಗ್ಗೆ ಎದ್ದು ಉಳಿದ ಕಡೆ ಗಟ್ಟಿಯಾಗಿ ಕೂತಿದ್ದರೆ ತಟ್ಟೆಯ ರಂಧ್ರ ಕಟ್ಟಿದೆ ಅಥವಾ ತೇವ ಹಿಡಿದಿದೆ. ತಟ್ಟೆಯನ್ನು ತೆಗೆದು ಕೆಳಗಿನಿಂದ ಮೇಲಕ್ಕೆ ಒಣ ಗಾಳಿ ಊದಿ. ನೀರು ಹಾಕಿ ತೊಳೆಯಬೇಡಿ. ಊದಿದರೂ ಬಿಡದಿದ್ದರೆ ಹೊಸ ತಟ್ಟೆಯೇ ಬೇಕು.

ರೈಸ್ ಮಿಲ್ಲುಗಳ ಊರಿನಲ್ಲಿ ಇನ್ನೊಂದು ತೊಂದರೆ ಹೇಳಲೇಬೇಕು. ಬಾಯ್ಲರಿನ ಹೊಟ್ಟಿನ ಬೂದಿ ಗಾಳಿಯಲ್ಲಿ ತೇಲಿ ಬಂದು ಕೂರುತ್ತದೆ. ಬಿಳಿ ಗೇಟಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಪೌಡರ್ ಕಂಪನಿಯನ್ನು ಬೈಯುವ ಮುಂಚೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ನೋಡಿ. ನಾನು ಬೂತಿನ ಬಾಯಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆ, ತೇವ ಒಳಗೆ ಹೋಗಿ ಪೌಡರ್ ಕೂರದಾಯಿತು. ಈಗ ಒಣ ಫಿಲ್ಟರ್ ಬಟ್ಟೆ ಕಟ್ಟಿದ್ದೇನೆ.

ಪಂಪು, ಪೈಪು, ನಾಝಲ್

ಇಲ್ಲಿಗೆ ಬರುವಾಗ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಗಾಳಿ ಬಂದ್ ಮಾಡಿ, ಪೈಪಿನಲ್ಲಿ ಉಳಿದ ಒತ್ತಡ ಬಿಡಿ. ಆಮೇಲೆ ಅರ್ತಿಗೆ ಸಿಕ್ಕಿಸಿದ ತಂತಿಯ ಇನ್ನೊಂದು ತುದಿಯನ್ನು ಪೌಡರಿಗೆ ವಿದ್ಯುತ್ತು ಹಿಡಿಸುವ ನಾಝಲಿನ ಸೂಜಿಗೆ ಮುಟ್ಟಿಸಿ. ಸ್ವಿಚ್ ತೆಗೆದ ಮೇಲೂ ಸೂಜಿಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಪೌಡರ್ ಗಾಳಿಯಲ್ಲಿ ತೇಲುತ್ತಿರುವಾಗ ಕಿಡಿ ಹೊಡೆದರೆ ಹತ್ತಿಕೊಳ್ಳುತ್ತದೆ, ಇದು ಹೆದರಿಸಲು ಹೇಳುವ ಮಾತಲ್ಲ. ಬೂತಿನ ಫ್ಯಾನು ಓಡದೆ ಗನ್ನಿನ ಟ್ರಿಗರ್ ಒತ್ತುವುದು ನಮ್ಮ ಅಂಗಡಿಯಲ್ಲಿ ನಿಷೇಧ.

ಪೌಡರ್ ಬುಸ್ ಬುಸ್ ಅಂತ ಬಿಟ್ಟು ಬಿಟ್ಟು ಬರುತ್ತಿದ್ದರೆ ಪಂಪಿನ ವೆಂಚುರಿ (ಗಾಳಿಯ ವೇಗದಿಂದ ಪೌಡರ್ ಎಳೆಯುವ ಕೊಳವೆ) ತೆಗೆದು ನೋಡಿ. ಅದರೊಳಗಿನ ಬಿಳಿ ಟೆಫ್ಲಾನ್ ತೋಳನ್ನು ಬೆಳಕಿಗೆ ಹಿಡಿಯಿರಿ. ತೂತು ದುಂಡಗಿರಬೇಕು. ಪೌಡರ್ ಮರಳಿನ ಹಾಗೆ ಉಜ್ಜಿ ಉಜ್ಜಿ ತೂತನ್ನು ಮೊಟ್ಟೆಯಾಕಾರಕ್ಕೆ ತಿಂದಿದ್ದರೆ, ಎಷ್ಟು ಗಾಳಿ ಏರಿಸಿದರೂ ಎಳೆತ ಬರುವುದಿಲ್ಲ. ಇದು ಸವೆಯಲೆಂದೇ ಇರುವ ಭಾಗ. ಕಡಿಮೆ ಬೆಲೆಯದು, ಎರಡು ಮೂರು ತಂದು ಇಟ್ಟುಕೊಳ್ಳಿ. ಒಳಗೆ ಗಾಜಿನಂತೆ ಗಟ್ಟಿಯಾದ ಪೌಡರ್ ಅಂಟಿದ್ದರೆ ಬಿದಿರು ಕಡ್ಡಿಯಿಂದ ತೆಗೆಯಿರಿ. ತಂತಿ, ಸೂಜಿ, ಡ್ರಿಲ್ ಬಿಟ್ ಹಾಕಿದರೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ನಾಳೆ ಇನ್ನೂ ಬೇಗ ಅಂಟುತ್ತದೆ. ಪೌಡರ್ ಹೀಗೆ ಒಳಗೇ ಅಂಟುವುದು ಗಾಳಿಯ ಒತ್ತಡ ಹೆಚ್ಚಾದಾಗ. ಬಲವಾಗಿ ಬಡಿದು ಕಣಗಳು ಕರಗಿ ಕೂರುತ್ತವೆ. ಪೈಪು ಚೂಪಾಗಿ ಬಾಗಿದ ಜಾಗದಲ್ಲೂ ಇದೇ ಕಥೆ.

ಪೈಪಿನ ಉದ್ದಕ್ಕೂ ಕಪ್ಪು ಗೆರೆ ಇದ್ದರೆ ಅದು ಅಲಂಕಾರಕ್ಕಲ್ಲ, ಅದರಿಂದಲೇ ಪೈಪಿನ ಸ್ಥಿರವಿದ್ಯುತ್ತು ಅರ್ತಿಗೆ ಇಳಿಯುತ್ತದೆ. ಅಂಥ ಪೈಪಿನ ಜಾಗಕ್ಕೆ ತೋಟದ ನೀರಿನ ಪೈಪು ಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಾಝಲ್ ಬಿಚ್ಚಿ ಸೀಳನ್ನು ನೋಡಿ. ಚಪ್ಪಟೆ ಸೀಳಿನ ಒಂದು ತುದಿ ಅಗಲವಾಗಿ ಸವೆದಿದ್ದರೆ ಪೌಡರಿನ ಬೀಸಣಿಗೆ ಒಂದು ಕಡೆಗೆ ವಾಲುತ್ತದೆ. ಕೈ ಎಷ್ಟು ನೇರ ಆಡಿಸಿದರೂ ಮೇಲೆ ದಪ್ಪ, ಕೆಳಗೆ ತೆಳು. ಪರೀಕ್ಷೆಗೆ ನಾಝಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ದಪ್ಪ ಈಗ ಕೆಳಗೆ ಬಂದರೆ ದೋಷ ನಾಝಲಿನದು. ಸೂಜಿ ನಡುವೆ ನೇರ ನಿಂತಿರಬೇಕು, ಅದರ ಬುಡಕ್ಕೆ ಪೌಡರ್ ಗಡ್ಡ ಕಟ್ಟಿರಬಾರದು.

ಕರೆಂಟಿನ ಭಾಗ

ಇಷ್ಟೆಲ್ಲ ಸರಿಯಿದ್ದರೂ ಪೌಡರ್ ಹಿಡಿಯದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಕಂಟ್ರೋಲ್ ಪೆಟ್ಟಿಗೆಯಲ್ಲಿ ಎರಡು ಅಂಕಿ ಕಾಣುತ್ತವೆ, ಕೆವಿ ಮತ್ತು ಮೈಕ್ರೋಆಂಪ್ (ಸೂಜಿಯಿಂದ ಹರಿಯುವ ಕರೆಂಟಿನ ಅಳತೆ). ಪೌಡರ್ ಇಲ್ಲದೆ, ಬರಿ ಗನ್ನನ್ನು ಅರ್ತಾದ ಲೋಹದ ಹತ್ತಿರ ನಿಧಾನವಾಗಿ ತನ್ನಿ. ಹತ್ತಿರ ಬಂದಷ್ಟೂ ಮೈಕ್ರೋಆಂಪ್ ಏರಬೇಕು. ಕೆವಿ ಪೂರ್ತಿ ತೋರಿಸುತ್ತಿದ್ದು ಮೈಕ್ರೋಆಂಪ್ ಸೊನ್ನೆಯಲ್ಲೇ ನಿಂತರೆ ವಿದ್ಯುತ್ತು ಸೂಜಿಯವರೆಗೆ ಬರುತ್ತಿಲ್ಲ. ಕೇಬಲ್ಲು ಹಿಡಿಕೆಯ ಬುಡದಲ್ಲಿ ಬಾಗಿ ಬಾಗಿ ಒಳಗೆ ತುಂಡಾಗಿರಬಹುದು, ಅಥವಾ ಕ್ಯಾಸ್ಕೇಡ್. ಬದಲಿಗೆ ಗನ್ನು ಯಾವುದರ ಹತ್ತಿರವೂ ಇಲ್ಲದಾಗಲೇ ಮೈಕ್ರೋಆಂಪ್ ಜಾಸ್ತಿ ತೋರಿಸಿದರೆ ವಿದ್ಯುತ್ತು ಗನ್ನಿನ ಮೈಮೇಲೇ ಸೋರುತ್ತಿದೆ. ನಾಝಲಿನ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಕವಲು ಕಂಡರೆ ಅದೇ ದಾರಿ. ಅಂಥ ನಾಝಲನ್ನು ಒರೆಸಿ ಪ್ರಯೋಜನವಿಲ್ಲ, ಬದಲಿಸಿ.

ಟ್ರಿಗರ್ ಒತ್ತಿದರೂ ಏನೂ ಶುರುವಾಗದಿದ್ದರೆ ದೊಡ್ಡ ದೋಷ ಅಂತ ಹೆದರಬೇಡಿ. ಎಷ್ಟೋ ಗನ್ನುಗಳಲ್ಲಿ ಟ್ರಿಗರಿನಲ್ಲಿ ಸಣ್ಣ ಅಯಸ್ಕಾಂತ, ಅದರ ಎದುರು ಗಾಜಿನ ಕೊಳವೆಯ ರೀಡ್ ಸ್ವಿಚ್ ಇರುತ್ತದೆ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದರಿಂದ ನನಗೆ ಇದು ಬೇಗ ಹೊಳೆಯಿತು. ಹೊರಗಿನಿಂದ ಬೇರೆ ಅಯಸ್ಕಾಂತ ಹಿಡಿದಾಗ ಗನ್ನು ಎದ್ದರೆ ಟ್ರಿಗರಿನ ಅಯಸ್ಕಾಂತ ಸರಿದಿದೆ, ಏಳದಿದ್ದರೆ ರೀಡ್ ಸ್ವಿಚ್ ಹೋಗಿರಬಹುದು.

ಕ್ಯಾಸ್ಕೇಡ್ ಅಂದರೆ ಡಯೋಡು, ಕೆಪ್ಯಾಸಿಟರುಗಳ ಸರಮಾಲೆ, ಕಡಿಮೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅದನ್ನು ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಕೆತ್ತಿ ಬಿಚ್ಚಿ ಬೆಸುಗೆ ಹಾಕಿದರೆ ಒಂದು ಗಾಳಿಗುಳ್ಳೆ ಉಳಿದರೂ ಅಲ್ಲೇ ಕಿಡಿ ಒಡೆಯುತ್ತದೆ. ಹೋಗಿದ್ದರೆ ಪೂರ್ತಿ ಬದಲಿಸಬೇಕು.

ಸೀಸದ ಗುಂಡಿನ ಗುಣ ಬೇರೆ

ಗನ್ನು ಸರಿಯಾದ ಮೇಲೂ ತೂತಿನ ಸುತ್ತಲಿನ ಬೋಳು ಬಳೆ ಹೋಗಲಿಲ್ಲ. ಅದಕ್ಕೆ ಫ್ಯಾರಡೆ ಪಂಜರ ಕಾರಣ. ವಿದ್ಯುತ್ತಿನ ಗೆರೆಗಳು ಹತ್ತಿರದ ಅಂಚನ್ನು ಹಿಡಿಯುತ್ತವೆ, ತೂತಿನಂಥ ತಗ್ಗಿನೊಳಗೆ ಇಳಿಯುವುದಿಲ್ಲ. ಇಲ್ಲಿ ಕೆವಿಯನ್ನು ಇಳಿಸಬೇಕು. ನಾನು 45ಕ್ಕೆ ಇಳಿಸಿ, ಮೈಕ್ರೋಆಂಪನ್ನು 15ಕ್ಕೆ ಕಟ್ಟಿ, ಗಾಳಿಯ ವೇಗ ಕಡಿಮೆ ಮಾಡಿ, ಮೊದಲು ತೂತಿನ ಬಾಯಿಗೆ ಹೊಡೆದು ಆಮೇಲೆ ಮೈಗೆ ಹೊಡೆಯುತ್ತೇನೆ.

ಸೀಸಕ್ಕೆ ಕಬ್ಬಿಣದ ಏಳು ತೊಟ್ಟಿಯ ಆಸಿಡ್, ಫಾಸ್ಫೇಟ್ ಕೆಲಸ ಬೇಡ. ಅದರ ಶತ್ರು ಅಚ್ಚಿನ ಮಸಿ ಮತ್ತು ಕೈಯ ಜಿಡ್ಡು. ಗುಂಡು ಅಂಟದೆ ಬಿಡಲಿ ಅಂತ ಮೀನುಗಾರರು ಅಚ್ಚಿಗೆ ಮೇಣದಬತ್ತಿಯ ಹೊಗೆ ಹಿಡಿಸುತ್ತಾರೆ. ಆ ಮಸಿ ಗುಂಡಿನ ಮೇಲೇ ಉಳಿದರೆ ಪೌಡರ್ ಬೆಂದ ಮೇಲೆ ಉಗುರಿಗೇ ಸಿಪ್ಪೆ ಏಳುತ್ತದೆ. ಸೋಪಿನ ಬಿಸಿನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ಒಲೆಯಲ್ಲಿ ಒಣಗಿಸಿ, ಕಡೆಗೆ ಥಿನ್ನರ್ ಬಟ್ಟೆಯಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಒಣ ಸೀಸವನ್ನು ಯಾವತ್ತೂ ಎಮರಿ ಕಾಗದದಿಂದ ಉಜ್ಜಬೇಡಿ, ಅದರ ಧೂಳು ಶ್ವಾಸಕ್ಕೆ ಹೋಗುತ್ತದೆ. ಕೈಗವಸು, ಮಾಸ್ಕು ಇರಲಿ, ಊಟಕ್ಕೆ ಮುಂಚೆ ಕೈ ತೊಳೆಯಲಿ. ಅಡುಗೆಮನೆಯ ಓವನ್ನಿನಲ್ಲಿ ಇದನ್ನು ಬೇಯಿಸುವ ಯೋಚನೆಯೂ ಬೇಡ.

ಒಲೆಯಲ್ಲಿ ಒಂದು ಎಚ್ಚರ. ಶುದ್ಧ ಸೀಸ ಕರಗುವುದು 327 ಡಿಗ್ರಿಗೆ, ಪಾಲಿಯೆಸ್ಟರ್ ಪೌಡರ್ ಬೇಯುವುದು 200 ಡಿಗ್ರಿಗೆ, ಹಾಗಾಗಿ ಭಯವಿಲ್ಲ ಅನಿಸುತ್ತದೆ. ಒಮ್ಮೆ ಒಬ್ಬರು ತಂದ ಗುಂಡುಗಳು ಒಲೆಯಲ್ಲೇ ಬೆವೆತು ಕುಸಿದು ಕೊಂಡಿಯಿಂದ ಜಾರಿ ಬಿದ್ದವು. ಅವರು ರೇಡಿಯೋ ಅಂಗಡಿಯ ಹಳೆ ಬೆಸುಗೆ ಸೀಸವನ್ನೇ ಹೆಚ್ಚಾಗಿ ಬೆರೆಸಿ ಎರಕ ಹೊಯ್ದಿದ್ದರು. ತವರ ಸೇರಿದ ಬೆಸುಗೆ 183 ಡಿಗ್ರಿಗೇ ಕರಗಲು ಶುರು ಮಾಡುತ್ತದೆ. ಅಂದಿನಿಂದ ಹೊಸಬರ ಮಾಲು ಬಂದರೆ ಎರಡು ಬರಿ ಗುಂಡನ್ನು ಒಂದು ತಟ್ಟೆಯಲ್ಲಿಟ್ಟು 200ಕ್ಕೆ ಅರ್ಧ ಗಂಟೆ ಬಿಟ್ಟು ನೋಡುತ್ತೇನೆ.

ಬೇಯುವ ಹೊತ್ತನ್ನು ಒಲೆಯ ಬಾಗಿಲು ಮುಚ್ಚಿದಾಗಿನಿಂದ ಎಣಿಸಬೇಡಿ. ಗುಂಡು ಸ್ವತಃ 200 ಡಿಗ್ರಿ ಮುಟ್ಟಿದ ಮೇಲೆ 10 ನಿಮಿಷ. ಒಂದು ಗುಂಡಿನ ತೂತಿಗೆ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಸಿಕ್ಕಿಸಿ ಒಮ್ಮೆ ಅಳೆದಿಟ್ಟುಕೊಂಡರೆ ನಿಮ್ಮ ಒಲೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾಗುತ್ತದೆ. ಕೆಂಪು ಬೆಳಕಿನ ಪಿಸ್ತೂಲು ಥರ್ಮಾಮೀಟರ್ ಹೊಳೆಯುವ ಬರಿ ಲೋಹದ ಮೇಲೆ ಸುಳ್ಳು ಹೇಳುತ್ತದೆ.

ಸಣ್ಣ ಗುಂಡಿಗೆ ಡಬ್ಬಿ ಕುಲುಕುವುದು

ಕಡಲೆಕಾಳಿನಷ್ಟು ಸಣ್ಣ ಗುಂಡುಗಳನ್ನು ಒಂದೊಂದಾಗಿ ನೇತುಹಾಕುವುದು ಆಗದ ಮಾತು. ಅದಕ್ಕೆ ಗನ್ನೇ ಬೇಡ. ತಳದಲ್ಲಿ ತ್ರಿಕೋನದೊಳಗೆ 5 ಅಂಕಿ ಇರುವ ಪಾಲಿಪ್ರೊಪಿಲೀನ್ ಡಬ್ಬಿ ತೆಗೆದುಕೊಳ್ಳಿ. ಆಟಿಕೆ ಪಿಸ್ತೂಲಿಗೆ ಹಾಕುವ 6 ಮಿಲಿಮೀಟರ್ ಪ್ಲಾಸ್ಟಿಕ್ ಕಾಳುಗಳನ್ನು ತಳ ಮುಚ್ಚುವಷ್ಟು ಹಾಕಿ. ಮೇಲೆ ಒಂದು ಪದರ ಗುಂಡು, ಒಂದು ಚಮಚ ಪೌಡರ್. ಮುಚ್ಚಳ ಬಿಗಿ ಮಾಡಿ, ಮೊರದಲ್ಲಿ ಕೇರುವ ಹಾಗೆ ಸುತ್ತು ಸುತ್ತಾಗಿ ಒಂದೆರಡು ನಿಮಿಷ ಆಡಿಸಿ. ಪ್ಲಾಸ್ಟಿಕ್ಕಿಗೆ ಉಜ್ಜಿ ಪೌಡರೇ ವಿದ್ಯುತ್ತು ಹಿಡಿಯುತ್ತದೆ, ಗುಂಡಿಗೆ ಅಂಟುತ್ತದೆ.

ಅರೆಬರೆ ಅಂಟಿದರೆ ಕಾರಣ ಹೆಚ್ಚಾಗಿ ತೇವ. ಗುಂಡನ್ನು ಕೈಗೆ ಬೆಚ್ಚಗಾಗುವಷ್ಟು ಒಲೆಯಲ್ಲಿಟ್ಟು ತೆಗೆದು ಮತ್ತೆ ಕುಲುಕಿ. ಪೌಡರ್ ಜಾಸ್ತಿ ಹಾಕಿದರೂ ಕೆಡುತ್ತದೆ. ಗುಂಡುಗಳ ನಡುವೆ ಅದು ಮೆತ್ತೆಯಾಗಿ ಕೂತು ಉಜ್ಜುವುದೇ ನಿಲ್ಲುತ್ತದೆ. ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ತೆಗೆಯುವಾಗ ಚಿಮಟ ಬಳಸಿ, ಟೆಫ್ಲಾನ್ ಹಾಳೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ನಿಲ್ಲಿಸಿ. ತಾಗಿದರೆ ಬೆಂದು ಅಂಟಿಕೊಂಡು, ಬಿಡಿಸಿದಾಗ ಬೋಳು ಕಣ್ಣು ಉಳಿಯುತ್ತದೆ.

ಕೆಟ್ಟ ಮಾಲನ್ನು ಸರಿಮಾಡುವುದು

ಆ ಮೂರು ಕಿಲೋ ಗುಂಡುಗಳನ್ನು ಮತ್ತೆ ಕರಗಿಸಿ ಹೊಯ್ಯೋಣ ಅಂದರು ಅವರು. ಕೋಟಿಂಗ್ ಸಮೇತ ಕುಲುಮೆಗೆ ಹಾಕಿದರೆ ಬಣ್ಣ ಸುಟ್ಟು ಕೆಟ್ಟ ಹೊಗೆ ಬರುತ್ತದೆ, ಬೇಡ ಅಂದೆ. ಕಬ್ಬಿಣದ ಮಾಲಾದರೆ 400 ಡಿಗ್ರಿಯ ಒಲೆಯಲ್ಲಿ ಬಣ್ಣ ಸುಡಿಸಿ ತೆಗೆಯಬಹುದು, ಸೀಸ ಅಷ್ಟರಲ್ಲಿ ನೀರಾಗಿರುತ್ತದೆ.

ದಪ್ಪ ತುಟಿ ಕಟ್ಟಿದ್ದನ್ನು ನೀರಿನ ಬೋಗುಣಿಯೊಳಗೇ ಹಿಡಿದು 320 ನಂಬರಿನ ವಾಟರ್ ಪೇಪರಿನಿಂದ ಇಳಿಸಿದೆವು. ಆ ನೀರನ್ನು ಚರಂಡಿಗೆ, ಕಾಲುವೆಗೆ ಚೆಲ್ಲಬಾರದು. ಕೆಸರು ತಳ ಕಂಡ ಮೇಲೆ ಒಣಗಿಸಿ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಹೊಳಪಿನ ಪದರವನ್ನೂ ಮಂಕಾಗುವಷ್ಟು ತೀಡಬೇಕು, ಇಲ್ಲದಿದ್ದರೆ ಎರಡನೇ ಪದರ ಹಿಡಿಯುವುದಿಲ್ಲ. ತೊಳೆದು ಒಣಗಿಸಿ, 45 ಕೆವಿಯಲ್ಲಿ ತೆಳ್ಳಗೆ ಹೊಡೆದೆವು. ಹಳೆ ಪದರವೇ ಇನ್ಸುಲೇಷನ್ ಆಗಿರುವುದರಿಂದ ಮೊದಲ ಸಲದ ಸೆಟ್ಟಿಂಗ್ ಇಲ್ಲಿ ನಡೆಯುವುದಿಲ್ಲ, ಕುಳಿ ಬೀಳುತ್ತದೆ. ಹಟ ಹಿಡಿದ ಕೆಲವು ಬೋಳು ಜಾಗಗಳಿಗೆ ಗುಂಡನ್ನು ಸುಮಾರು 120 ಡಿಗ್ರಿಗೆ ಕಾಯಿಸಿ ಬಿಸಿಯಲ್ಲೇ ಪೌಡರ್ ಹೊಡೆದೆ. ಮುಟ್ಟಿದೊಡನೆ ಕರಗಿ ಹಿಡಿಯುತ್ತದೆ. ಆದರೆ ಕಣ್ಣು ಮಿಟುಕಿಸುವುದರೊಳಗೆ ದಪ್ಪವಾಗುತ್ತದೆ, ಕೈ ಹದವಾಗಿರಬೇಕು.

ದಪ್ಪ ಅಳೆಯಲು ಕಬ್ಬಿಣಕ್ಕೆ ಬಳಸುವ ಅಯಸ್ಕಾಂತದ ಗೇಜು ಸೀಸಕ್ಕೆ ಬರುವುದಿಲ್ಲ. ನಾನು ಮೈಕ್ರೋಮೀಟರ್ ಬಳಸುತ್ತೇನೆ. ಬರಿ ಗುಂಡಿನ ನಡು ಅಳೆದು ಗುರುತು ಹಾಕಿಟ್ಟು, ಬೆಂದ ಮೇಲೆ ಅದೇ ಜಾಗ ಅಳೆದರೆ 0.12ರಿಂದ 0.16 ಮಿಲಿಮೀಟರ್ ಹೆಚ್ಚಾಗಿರಬೇಕು. ಎರಡು ಮಗ್ಗುಲು ಸೇರಿ ಇಷ್ಟು, ಅಂದರೆ ಒಂದು ಮಗ್ಗುಲಿಗೆ 60ರಿಂದ 80 ಮೈಕ್ರಾನ್. ಬೆಂದಿದೆಯೋ ಇಲ್ಲವೋ ನೋಡಲು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಅನ್ನುವ ದ್ರಾವಕ) ಅದ್ದಿದ ಹತ್ತಿಯನ್ನು ಐವತ್ತು ಸಲ ಹೋಗಿ ಬಂದು ಉಜ್ಜಿ. ಹತ್ತಿಗೆ ಬಣ್ಣ ಬಂದು ಪದರ ಮೆತ್ತಗಾದರೆ ಇನ್ನೂ ಬೇಯಬೇಕು. ಇದನ್ನು ಕೈಗವಸು ಹಾಕಿ, ಬಯಲಲ್ಲಿ ಮಾಡಿ.

ಮೂರು ಕಿಲೋದಲ್ಲಿ ಸುಮಾರು ಇನ್ನೂರು ಗ್ರಾಂ ಸರಿಯಾಗಲೇ ಇಲ್ಲ, ಅದರ ಬದಲಿಗೆ ಸೀಸದ ದುಡ್ಡು ಕೊಟ್ಟೆ. ಉಳಿದವುಗಳನ್ನು ಅವರು ಅಂಗಡಿಯ ಮುಂದೆಯೇ ನೂಲಿಗೆ ಪೋಣಿಸಿ ನೋಡಿದರು. ಕೆಲವು ಗುಂಡಿನ ತೂತು ಬಣ್ಣ ತುಂಬಿ ಚಿಕ್ಕದಾಗಿತ್ತು. ಮೂರು ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ತಿರುಗಿಸಿ ಬಿಡಿಸಿಕೊಟ್ಟೆ. ಮೆಷಿನ್ನಿಗೆ ಹಾಕಿದರೆ ಸೀಸ ಮೆತ್ತಗಿರುವುದರಿಂದ ಡ್ರಿಲ್ ಬಿಟ್ ಕಚ್ಚಿಕೊಂಡು ಗುಂಡು ಕೈಯಲ್ಲೇ ತಿರುಗುತ್ತದೆ. ತೂತಿನ ಬಾಯಿಯಲ್ಲಿ ಚೂಪು ಅಂಚು ಉಳಿದರೆ ನೂಲು ಕಡಿಯುತ್ತದೆ, ಅದಕ್ಕೆ ಕಡೆಯಲ್ಲಿ ಒಂದು ಮರದ ಕಡ್ಡಿ ಆಡಿಸಿ ಅಂಚನ್ನು ಒಳಕ್ಕೆ ಒತ್ತಿ ಕೊಡುತ್ತೇನೆ.